ಗಿಡ್ಡ ಗೇರಿನ ಲೆಕ್ಕ

ನಾನು ಬಿ.ಎಸ್‌ಸಿ. ಪದವೀಧರ. ಈ ಸಂಗತಿ ನನ್ನ ಸೇವಾ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲಿಯೂ ಉಪಯೋಗಕ್ಕೆ ಬಂದದ್ದಿಲ್ಲ. ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತ ಸರಿಸುವ ಗುಮಾಸ್ತನಿಗೆ ಭೌತಶಾಸ್ತ್ರವೇಕೆ? ಆದರೆ ಹೋದ ದೀಪಾವಳಿಯ ಮುಂಚೆ, ದೌಂಡದ ನಮ್ಮ ಮನೆಯಲ್ಲಿ, ಆ ಹಳೆಯ ಪಾಠ ಒಮ್ಮೆ ಕೆಲಸಕ್ಕೆ ಬಂತು.

ನಮ್ಮಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಸಣ್ಣ ಕಾರಿದೆ. ನಾನು ಕಚೇರಿಗೆ ನಡೆದೇ ಹೋಗುವವನು. ಕಾರು ನಿಜಕ್ಕೂ ನನ್ನ ಹೆಂಡತಿಯದು. ಆಕೆ ಅದರಲ್ಲಿ ದಿನಾಲೂ ಪಾಟಸದ ಶಾಲೆಗೆ ಪಾಠ ಹೇಳಲು ಹೋಗಿಬರುತ್ತಾಳೆ. ಹೋದ ವರ್ಷ ಆಕೆಯ ಎಡ ಭುಜ ಹಿಡಿದುಕೊಂಡಿತು. ನಮ್ಮ ದೇಶದ ಕಾರುಗಳಲ್ಲಿ ಗೇರು ಎಡಗೈಯ ಪಾಲಿನದು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಎರಡು, ಮೂರು, ಮತ್ತೆ ಎರಡು ಎಂದು ಗೇರು ಬದಲಿಸುತ್ತ ಮನೆ ಸೇರಿದರೆ, ರೊಟ್ಟಿ ಬಡಿಯಲು ಕೈ ಏಳುತ್ತಿರಲಿಲ್ಲ. ಒಂದು ರಾತ್ರಿ, “ನೌಕರಿ ಬಿಟ್ಟುಬಿಡ್ತೀನ್ರೀ” ಅಂದಳು.

ಡಿಪ್ಲೊಮಾ ಓದುವ ಮಗ ಮರುದಿನವೇ ಉಪಾಯ ಹುಡುಕಿ ತಂದ. ಶಾರ್ಟ್ ಶಿಫ್ಟರ್! “ಪಪ್ಪಾ, ಗೇರಿನ ಕೋಲು ಕಡಿಮೆ ದೂರ ಓಡ್ತದ. ಆಯಿಗೆ ತ್ರಾಸ ಕಡಿಮೆ.” ಒಳ್ಳೆಯದಕ್ಕೆ ಏಳು ಸಾವಿರ, ಅಗ್ಗದ್ದಕ್ಕೆ ಎರಡೂವರೆ ಸಾವಿರ. ಅದೂ ಬೇಡವಾದರೆ ಕೋಲನ್ನೇ ಕಡಿದು ಗಿಡ್ಡ ಮಾಡಿಸಿದರಾಯಿತಂತೆ.

ನಾನು ಕಾಗದ ಪೆನ್ನು ತೆಗೆದುಕೊಂಡೆ. “ನೋಡು, ಗೇರು ಅಂದರೆ ಒಂದು ಸನ್ನೆಗೋಲು.”

“ಸನ್ನೆ ಅಂದ್ರ ಇಶಾರಾ ಅಲ್ಲೇನು?” ಅಂದ ಮಗ. ದೌಂಡದಲ್ಲಿ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವನು; ತಪ್ಪು ಅವನದಲ್ಲ. ಅವನ ತಾಯಿ ಒಳಗಿನಿಂದಲೇ ಹೇಳಿದಳು: “ಕಲ್ಲು ಎಬ್ಬಸೂ ಹಾರಿ ಇಲ್ಲೇನೋ, ಅದು. ಉದ್ದ ಹಾರಿಗೆ ಕಲ್ಲು ಹಗೂರ ಏಳ್ತದ. ಗಿಡ್ಡ ಮಾಡಿದ್ರ ಬಿರುಸು ಆಗೂದಿಲ್ಲೇನು?”

ಆರ್ಕಿಮಿಡೀಸನ ತತ್ತ್ವವೆಲ್ಲ ಅಷ್ಟೇ. ನಾನು ಅದಕ್ಕೆ ಅಂಕಿ ಹಚ್ಚಿದೆ. ಕೋಲು ತಿರುಗುವ ಕೀಲಿನ ಮೇಲೆ 30 ಸೆಂಟಿಮೀಟರ್, ಕೆಳಗೆ 6 ಇದೆಯೆನ್ನಿ. ಗುಬಟು 10 ಸೆಂಟಿಮೀಟರ್ ಸರಿದರೆ ಕೆಳತುದಿ 2 ಸರಿಯುತ್ತದೆ. ಕೆಳಗಿನ ಭಾಗವನ್ನು 7.5 ಮಾಡಿದರೆ ಗುಬಟು 8 ಸೆಂಟಿಮೀಟರ್ ಸರಿದರೆ ಸಾಕು. ದೂರದಲ್ಲಿ ನೂರಕ್ಕೆ ಇಪ್ಪತ್ತು ಉಳಿಯಿತು; ಆದರೆ ಬಲ ನೂರಕ್ಕೆ ಇಪ್ಪತ್ತೈದು ಹೆಚ್ಚು ಬೇಕು. ಮೇಲಿನ ಕೋಲನ್ನು ಕಡಿದರೂ ಇದೇ ಕಥೆ. ಕಡಿದು ಬೆಸೆದ ಕೋಲು ನಡುದಾರಿಯಲ್ಲಿ ಕೈಗೆ ಬಂದರೆ ಆ ಕಥೆಯೇ ಬೇರೆ. ಓಟದ ಕಾರಿನ ತರುಣನಿಗೆ ಈ ವ್ಯಾಪಾರ ಲಾಭದ್ದು. ನೋಯುವ ಭುಜಕ್ಕೆ?

ಮಗನ ಮುಖ ಸಪ್ಪಗಾಯಿತು. ತಾಯಿಗಾಗಿ ಅಷ್ಟು ಹುಡುಕಿದ್ದ. ಲೆಕ್ಕ ಗೆದ್ದ ನನಗೂ ಸಂತೋಷವಾಗಲಿಲ್ಲ. ಆಕೆಯ ಭುಜ ನೋಯುವುದೇನೂ ನಿಲ್ಲಲಿಲ್ಲವಲ್ಲ.

ಭಾನುವಾರ ಇಬ್ಬರೂ ಸ್ಟೇಶನ್ ಕಡೆಯ ಮೇಸ್ತ್ರಿಯ ಹತ್ತಿರ ಹೋದೆವು. ಆತ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಅಲುಗಿಸಿದ. ಕೋಲು ಏನನ್ನೂ ಎಳೆಯದೆ ಎರಡು ಬೆರಳಿನಷ್ಟು ಸುಮ್ಮನೆ ಓಡಾಡಿತು. “ಸಾಹೇಬರೇ, ಬುಶ್ ಸವೆದಿವೆ. ಹೊಸ ಸಾಮಾನು ಹಾಕಿದರೂ ಈ ಸಡಿಲು ಹೋಗುವುದಿಲ್ಲ” ಎಂದು ಮರಾಠಿಯಲ್ಲಿ ಹೇಳಿದ. ಮುಂಬಯಿಯ ವಾಚಕರಿಗೆ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ನೆನಪಿರಬೇಕು. ಸ್ಟಿಯರಿಂಗಿನ ಪಕ್ಕದ ಗೇರಿನಿಂದ ಕೆಳಗಿನ ಪೆಟ್ಟಿಗೆಯವರೆಗೆ ಕೀಲಿಗೆ ಕೀಲು. ಒಂದೊಂದು ಕೀಲಿನ ಸವೆತವೂ ಕೂಡಿ ಕೊನೆಗೆ ಚಾಲಕನ ಕೈಗೇ ಬರುವಂಥದು.

ಬುಶ್ ಬದಲಾದವು, ಕೇಬಲ್ ಸರಿಹೊಂದಿಸಿದ್ದಾಯಿತು, ಗೇರಿನ ಎಣ್ಣೆ ಬದಲಾಯಿತು, ಕ್ಲಚ್ಚು ಪೂರ್ತಿ ಬಿಡುವಂತಾಯಿತು. ಒಟ್ಟು ಹನ್ನೊಂದು ನೂರು ರೂಪಾಯಿ. ಕೋಲಿನ ಓಟ ತಾನಾಗಿಯೇ ಗಿಡ್ಡವಾಯಿತು. ಬಲವೂ ಕಡಿಮೆ ಬೇಕಾಯಿತು. ಸೀಟನ್ನು ಎರಡು ಹಲ್ಲು ಮುಂದೆ ಸರಿಸಿದ್ದರಿಂದ ಭುಜ ಚಾಚುವುದು ತಪ್ಪಿತು. ಆ ಉಪಾಯ ಮಗನದು. ಅದಕ್ಕೆ ಖರ್ಚೇ ಇಲ್ಲ.

ಶಾರ್ಟ್ ಶಿಫ್ಟರ್ ಕೊಳ್ಳಲೇಬೇಡಿ ಎಂದು ನಾನು ಹೇಳುವುದಿಲ್ಲ. ಕೊಳ್ಳುವುದಾದರೆ ನಿಮ್ಮ ಮಾದರಿಗೇ ಮಾಡಿದ್ದನ್ನು ಕೊಳ್ಳಿ. ಮೊದಲು ಸಡಿಲು ತೆಗೆಸಿ. ಇನ್ನೊಂದು ಮಾತು. ಗೇರು ಪೆಟ್ಟಿಗೆಯೊಳಗೆ ಹಲ್ಲುಗಳ ವೇಗವನ್ನು ಸಮ ಮಾಡುವ ಹಿತ್ತಾಳೆ ಉಂಗುರಗಳಿರುತ್ತವೆ. ಕೋಲು ಗಿಡ್ಡವಾಯಿತೆಂದು ಅವು ಅವಸರ ಮಾಡುವುದಿಲ್ಲ. ನಾವು ಅವಸರಿಸಿದರೆ ಸವೆಯುತ್ತವೆ.

ದೀಪಾವಳಿಗೆ ವಿಜಯಪುರಕ್ಕೆ ಹೊರಟೆವು. ಸೊಲ್ಲಾಪುರ ದಾಟಿದ ಮೇಲೆ, “ಕೊಡ್ರೀ, ನಾ ನಡಸ್ತೀನಿ” ಅಂದಳು. ಟಾಕಳಿಯ ಸೇತುವೆಯ ಕೆಳಗೆ ನಮ್ಮ ದೌಂಡದ ಅದೇ ಭೀಮಾ ನದಿ. ಆಚೆ ಧೂಳಖೇಡ, ನಮ್ಮ ಸೀಮೆ. ಮುಂದೊಂದು ಕಬ್ಬಿನ ಗಾಡಿ ಬಂತು. ಆಕೆ ಗೇರು ಎರಡಕ್ಕೆ ತಂದಳು, ಮತ್ತೆ ಮೂರಕ್ಕೆ. ಹಿಂದಿನ ಸೀಟಿನಿಂದ ಮಗ ಕೇಳಿದ: “ಆಯಿ, ಸನ್ನೆಗೋಲು ಹಗೂರ ಅದ?”

“ಅದ” ಅಂದಳು.