ತಲೆ ಲೆಕ್ಕ

ಕೊಳ್ಳೇಗಾಲಕ್ಕೆ ಇವತ್ತಿಗೂ ರೈಲು ಬಂದಿಲ್ಲ. ಹೆಜ್ಜಾಲದಿಂದ ಚಾಮರಾಜನಗರಕ್ಕೆ ಹೋಗುವ ಮಾರ್ಗ ನಮ್ಮೂರಿನ ಮೇಲೇ ಹಾಯುತ್ತದೆ ಎಂದು ನಾನು ಕಾಲೇಜಿಗೆ ಹೋಗುವಾಗಿನಿಂದ ಕೇಳುತ್ತಿದ್ದೇನೆ. ಈಗ ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ಇಂಥ ಊರಿಗೆ 1977ರಲ್ಲಿ ಅಮ್ಮ ವಿಮಾನದಿಂದ ಇಳಿದು ಸೊಸೆಯಾಗಿ ಬಂದಳು. ಇಳಿದದ್ದು ಬೆಂಗಳೂರಿನಲ್ಲಿ. ಅಲ್ಲಿಂದ ಮುಂದಕ್ಕೆ ಕೆಂಪು ಬಸ್ಸು.

ಸೊಸೆಯ ಕೆಲಸ ಏನಿತ್ತೆಂದು ಅಜ್ಜಿಗೆ ತಿಳಿಸಿ ಹೇಳುವುದು ಸುಲಭವಿರಲಿಲ್ಲ. "ಇಮಾನದಲ್ಲಿ ಊಟ ಬಡಿಸ್ತಿದ್ಳು ಕನವ್ವ" ಎಂದು ಬೀದಿಗೆಲ್ಲ ಹೇಳಿ, ಮುಂದಿನ ಮದುವೆಯಲ್ಲೇ ಪಾಯಸದ ಬಕೆಟ್ಟನ್ನು ಅಮ್ಮನ ಕೈಗೆ ಕೊಡಿಸಿದಳು. ಎರಡು ಪಂಕ್ತಿಯ ನಡುವಿನ ಸಂದಿಯಲ್ಲಿ, ಸೆರಗು ಯಾರ ಎಲೆಗೂ ತಾಗದಂತೆ ಅಮ್ಮ ಹಿಮ್ಮುಖವಾಗಿ ನಡೆದುಬಂದದ್ದನ್ನು ಜನ ತುತ್ತು ಬಿಟ್ಟು ನೋಡಿದರಂತೆ.

ನಮ್ಮದು ರೇಷ್ಮೆ ಸೀರೆಯ ಮನೆ, ಹಿತ್ತಿಲಲ್ಲಿ ಮಗ್ಗ. ಎಲ್ಲರೂ ಬಣ್ಣ ನೋಡಿ ಸೀರೆ ಮೆಚ್ಚಿದರೆ ಅಮ್ಮ ಜರಿ ಅಂಚನ್ನು ಮುಂಗೈಯ ಒಳಬದಿಗೆ ತೀಡಿ ನೋಡುವಳು. "ಚುಚ್ಚುತ್ತೆ ಕಣ್ರೀ. ಟ್ರೇ ಹಿಡಿದು ನಾಲ್ಕು ಗಂಟೆ ನಿಂತರೆ ಕೈಯೆಲ್ಲ ಕೆಂಪಾಗುತ್ತೆ." ಟ್ರೇ ಹಿಡಿಯುವ ಗಿರಾಕಿ ಈ ಊರಿಗೆ ಎಲ್ಲಿಂದ ಬರಬೇಕು ಎಂದು ಗೊಣಗುತ್ತಲೇ ಅಪ್ಪ ಮುಂದಿನ ಸೀರೆಗೆ ಜರಿ ತೆಳುವಾಗಿಸುತ್ತಿದ್ದರು.

ಆ ಕಾಲದ ಗಗನಸಖಿಯರಿಗೆ ವಿಚಿತ್ರ ನಿಯಮಗಳಿದ್ದವು. ಸೇರಿದ 4 ವರ್ಷದೊಳಗೆ ಮದುವೆಯಾದರೆ ಕೆಲಸ ಹೋಯಿತು. ಆಮೇಲೆ ಆದರೆ ಮೊದಲ ಬಸಿರಿಗೆ ಹೋಯಿತು. ಎರಡೂ ತಪ್ಪಿದರೆ 35ಕ್ಕೆ ನಿವೃತ್ತಿ. ಅಮ್ಮ ಇದ್ಯಾವುದಕ್ಕೂ ಕಾಯದೆ ಮದುವೆಗೆ ಮುಂಚೆ ತಾನಾಗಿ ರಾಜೀನಾಮೆ ಬರೆದು ಬಂದಿದ್ದಳು. 1981ರ ಆಗಸ್ಟಿನಲ್ಲಿ, ನರ್ಗೆಶ್ ಮಿರ್ಜಾ ಪ್ರಕರಣದಲ್ಲಿ, ಬಸಿರಿನ ನಿಯಮ ನಿಲ್ಲುವಂಥದ್ದಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಮದುವೆಯ 4 ವರ್ಷದ ಕಟ್ಟನ್ನು ಮಾತ್ರ ಹಾಗೇ ಬಿಟ್ಟಿತು. ಅಪ್ಪ ಪೇಪರಿನಲ್ಲಿ ಅದನ್ನು ಓದಿ ಹೇಳಿದಾಗ ಅಮ್ಮ ಮುದ್ದೆ ತಿರುವುತ್ತಿದ್ದಳಂತೆ. ಮೂರು ವರ್ಷದ ನಾನು ಪಕ್ಕದಲ್ಲಿ. "ನೀನು ಸ್ವಲ್ಪ ಬೇಗ ಲ್ಯಾಂಡ್ ಆಗ್ಬಿಟ್ಟೆ ಕಣೋ" ಎಂದಳಂತೆ. ತಮಾಷೆಗೆ ಅಂದದ್ದೇ ಇರಬೇಕು. ನಾನು ಆಗಾಗ ಆ ಮಾತನ್ನು ತಿರುವಿ ನೋಡುತ್ತಿರುತ್ತೇನೆ.

ಅವಳ ತವರು ಯಳಂದೂರು. ಹೋದಾಗೆಲ್ಲ ಗೌರೀಶ್ವರನ ಗುಡಿಯ ಬಳೆಮಂಟಪದ ಕೆಳಗೆ ನಿಲ್ಲಿಸಿ, ಮೂಲೆಯಿಂದ ತೂಗುವ ಕಲ್ಲಿನ ಬಳೆಗಳನ್ನು ಎಣಿಸು ಎನ್ನುತ್ತಿದ್ದಳು. ಸಂಚಿ ಹೊನ್ನಮ್ಮನೂ ಅದೇ ಊರಿನವಳು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿದು ನಿಲ್ಲುವ ಕೆಲಸದಲ್ಲಿದ್ದವಳು 'ಹದಿಬದೆಯ ಧರ್ಮ' ಬರೆದಳು. "ಸಂಚಿ ಹಿಡಿದೋಳು ಕಾವ್ಯ ಬರೆದಳು. ಟ್ರೇ ಹಿಡಿದೋಳು ನಿಮ್ಮಪ್ಪನ ಅಂಗಡಿ ಲೆಕ್ಕ ಬರೀತಿದಾಳೆ" ಎಂದು ನಗುವಳು.

ಬಿಡಲಾಗದೆ ಉಳಿದದ್ದು ಎಣಿಸುವ ಚಟ. ಹೊರಡುವ ಮುಂಚೆ ತಲೆ ಎಣಿಸಬೇಕು. ಮದುವೆಯ ವ್ಯಾನಾಗಲಿ, ಚಿಕ್ಕಲ್ಲೂರು ಜಾತ್ರೆಗೆ ಹೊರಟ ಟೆಂಪೋ ಆಗಲಿ, ಹೆಬ್ಬೆರಳು ಬೆರಳುಗಳ ಗೆಣ್ಣಿನ ಮೇಲೆ ಸದ್ದಿಲ್ಲದೆ ಓಡುತ್ತಿತ್ತು.

ಮಾದಪ್ಪನ ಬೆಟ್ಟದ ಬಸ್ಸಿನಲ್ಲಿ ಅವಳನ್ನು ನೋಡಬೇಕಿತ್ತು. ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದ ತಿರುವು ಶುರುವಾದರೆ ಅರ್ಧ ಬಸ್ಸು ಕಿಟಕಿಗೆ ಬಾಗುತ್ತದೆ. ಅಮ್ಮ ಬ್ಯಾಗಿನಿಂದ ಸೀರೆಯ ಪ್ಲಾಸ್ಟಿಕ್ ಕವರು ತೆಗೆದು, ಅಂಚು ಮಡಚಿ, ಒಂದೊಂದಾಗಿ ಹಂಚುವಳು. ಜೊತೆಗೆ ಹೋಳು ನಿಂಬೆಹಣ್ಣು. "ಹತ್ತಿರದ್ದು ನೋಡಬೇಡ ಮಗ, ಆ ದೂರದ ಗುಡ್ಡ ನೋಡು." ಬಸ್ಸು ಎಷ್ಟು ವಾಲಿದರೂ ಸೀಟಿನ ಕಂಬಿ ಹಿಡಿಯುತ್ತಿರಲಿಲ್ಲ. "ಅಂಗಡಿ ಹೆಸರು ಅಚ್ಚಾಗಿರೋ ಕವರಾದ್ರೂ ಬಿಡೇ" ಎಂದು ಅಪ್ಪ ಪಿಸುಗುಟ್ಟುವರು. ಒಬ್ಬ ಮುದುಕಿ ಬಾಯಿ ಒರೆಸಿಕೊಂಡು "ಯಾವೂರವ್ವ ನೀನು, ಮಾದಪ್ಪನೇ ಕಳಿಸ್ದಂಗೆ ಬಂದೆ ಕನವ್ವ" ಎಂದು ಅಮ್ಮನ ಕೈ ಹಿಡಿದದ್ದು ನೆನಪಿದೆ. ಆ ಕೈಯಲ್ಲಿ ಕವರು ಇನ್ನೂ ಹಾಗೇ ಇತ್ತು.

ಒಮ್ಮೆ ಹನೂರು ಬಸ್‌ಸ್ಟ್ಯಾಂಡಿನಲ್ಲಿ ಟೀಗೆ ನಿಂತ ಬಸ್ಸು ಹೊರಟಾಗ "ಒಬ್ಬರು ಕಮ್ಮಿ" ಎಂದು ಅಮ್ಮ ಕೂಗಿದಳು. ಕಂಡಕ್ಟರು ನಂಬಲಿಲ್ಲ. ಅಷ್ಟರಲ್ಲಿ ಒಬ್ಬ ತಾತ ಪಂಚೆ ಎತ್ತಿಕೊಂಡು ಓಡಿಬಂದ, ಕೈಯಲ್ಲಿ ಬೋಂಡದ ಪೊಟ್ಟಣ.

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗ ಮೊದಲ ಸೊನ್ನೆ ಟಿಕೆಟ್ಟನ್ನು ಅಮ್ಮ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡಳು. "ವಿಮಾನದಲ್ಲೂ ಟಿಕೆಟ್ಟಿಲ್ಲದೆ ಓಡಾಡಿದೆ, ಈಗ ಬಸ್ಸಲ್ಲೂ" ಎಂದಳು. ಮರುವರ್ಷ ತೀರಿಕೊಂಡಳು. ಎರಡು ದಿನದ ಜ್ವರ, ಅಷ್ಟೇ.

ಈ ಸಲ ಬೆಟ್ಟಕ್ಕೆ ಹೆಂಡತಿ, ಮಗಳೊಂದಿಗೆ ಹೋದೆ. ಕೊಳ್ಳೇಗಾಲ ಬಿಟ್ಟ ಮೇಲೆ ಕಂಡಕ್ಟರು ಬಂದರು. "ನಂದೊಂದು ಫುಲ್, ಲೇಡೀಸ್ ಮೂರು" ಎಂದೆ. ಮಗಳು ನನ್ನ ಮುಖ ನೋಡಿದಳು. ಎರಡು ಆಧಾರ್ ನೋಡಿ ಕಂಡಕ್ಟರು ಬಸ್ಸಿನ ಹಿಂದಕ್ಕೆ ಕತ್ತು ಚಾಚಿದರು.

"ಇನ್ನೊಬ್ರು ಎಲ್ಲಿ ಸಾರ್?"