ಕಿವಿ ಕೇಳದ ಹೊಯ್, ಅಂವನ ಮನಿ ಬಾಗಲಾ

ಅಮೆರಿಕಾದ ಓಹಾಯೋ ರಾಜ್ಯದಾಗ ಹೌಕ್‌ಟೌನ್ ಅಂತ ಒಂದು ಸಣ್ಣ ಹಳ್ಳಿ. 1862ರಾಗ ಅಲ್ಲೆ ಹುಟ್ಟಿದಾಂವ ವಿಲಿಯಂ ಹೊಯ್. ಮೂರು ವರ್ಷದ ಕೂಸಿದ್ದಾಗ ಮಿದುಳು ಜ್ವರ ಬಂದು ಕಿವಿ ಪೂರಾ ಹೋದ್ವು. ಕಿವಿ ಹೋದ ಮ್ಯಾಲೆ ಮಾತರೆ ಎಲ್ಲಿಂದ ಬರಬೇಕ್ರಿ? ಒಂದೀಟು ಕೀರಲು ದನಿ, ಅಷ್ಟ. ಕೊಲಂಬಸ್ ಊರಾಗಿನ ಕಿವುಡ ಮಕ್ಕಳ ಸಾಲಿಗೆ ಹಾಕಿದ್ರು. ಕ್ಲಾಸಿಗೇ ಮೊದಲನೇದಾಂವ ಆಗಿ ಪಾಸಾದ. ಆಮ್ಯಾಲೆ ಬೂಟು ಹೊಲಿಯೋದು ಕಲತು ಊರಾಗ ಅಂಗಡಿ ಇಟ್ಟ. ಬ್ಯಾಸಗಿಯೊಳಗ ಹಳ್ಳಿ ಮಂದಿ ಬರಿಗಾಲಿಲೆ ಅಡ್ಡಾಡೋರು, ಅಂಗಡಿಗೆ ಗಿರಾಕಿ ಇರತಿದ್ದಿಲ್ಲ. ಇಂವ ಹುಡುಗರ ಜೋಡಿ ಬೀದ್ಯಾಗ ಬೇಸ್‌ಬಾಲ್ ಆಡಿಕೋತ ನಿಂತ. ಮುಂದ ಅದ ಹೊಟ್ಟಿಪಾಡಾತು.

ಈ ಹೊಯ್‌ನ ವಿಷಯ ನನಗ ಹೇಳಿದ್ದು ನಮ್ಮ ಅಕ್ಕನ ಮೊಮ್ಮಗ. ಅಂವ ಇರೋದು ಓಹಾಯೋದಾಗ, ಸಾಲ್ಯಾಗ ಇವನ ಮ್ಯಾಲೆ ಏನೋ ಬರಿಯೂದಿತ್ತಂತ. ಬೇಸ್‌ಬಾಲ್ ನನಗ ಅರ್ಧಂಬರ್ಧ ತಿಳೀತದ. ನಮ್ಮ ಕ್ರಿಕೆಟ್ಟಿನಾಗ ವೈಡ್ ಬಾಲಿಗೆ ಅಂಪೈರ್ ಕೈ ಚಾಚತಾನಲ್ಲ, ಹಂಗ ಅಲ್ಲೂ ಪ್ರತಿ ಚೆಂಡಿಗೆ ಅದು ಸ್ಟ್ರೈಕೋ ಬಾಲೋ ಅಂತ ಅಂಪೈರ್ ಹೇಳಬೇಕು. ಆದ್ರ ಆ ಕಾಲದಾಗ ಅಂಪೈರ್ ಬಾಯಿಲೆ ಒದರತಿದ್ದ, ಅದೂ ಬ್ಯಾಟು ಹಿಡಿದಾಂವನ ಬೆನ್ನ ಹಿಂದ ನಿಂತು. ಕಿವಿ ಇಲ್ಲದಾಂವಗ ಹ್ಯಾಂಗ ಗೊತ್ತಾಗಬೇಕು? ಹೊಯ್ ಪ್ರತಿ ಸಲ ಹೊರಳಿ ನೋಡಬೇಕಿತ್ತು. ಅಷ್ಟರಾಗ ಎದುರಿನಾಂವ ಮುಂದಿನ ಚೆಂಡು ಒಗದ ಬಿಡತಿದ್ದ. 1886ರಾಗ ವಿಸ್ಕಾನ್ಸಿನ್‌ನ ಓಶ್‌ಕಾಶ್ ತಂಡ ಸೇರಿದ ಮೊದಲನೇ ವರ್ಷ ಅಂವನ ಬ್ಯಾಟಿಂಗ್ ಅಷ್ಟಕ್ಕಷ್ಟ ಆಗಿದ್ದು ಅದಕ್ಕ. ಆಮ್ಯಾಲೆ ಒಂದು ಉಪಾಯ ಮಾಡಿದ. ಮೈದಾನದ ಆಚಿ ಮಗ್ಗಲಿಗೆ ನಿಂತಿರೋ ತನ್ನ ತಂಡದ ಕೋಚ್ ಕೈ ಎತ್ತಿ ತೋರಿಸಬೇಕು, ಬಲಗೈ ಎತ್ತಿದ್ರ ಸ್ಟ್ರೈಕ್, ಎಡಗೈ ಎತ್ತಿದ್ರ ಬಾಲ್. ಮುಂದಿನ ವರ್ಷ ರನ್ನು ಹೊಳಿ ಹರಿದಂಗ ಹರದ್ವು, ತಂಡನೂ ಗೆದ್ದಿತು.

1888ರಾಗ ವಾಷಿಂಗ್ಟನ್ ತಂಡದವರು ದೊಡ್ಡ ಲೀಗಿಗೆ ಕರಕೊಂಡ್ರು. ಗಿಡ್ಡ ಆಳು, ಆದ್ರ ಓಟ ಅಂದ್ರ ಓಟ. ಚೆಂಡು ಒಗಿಯೋದರಾಗ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡೋದಕ್ಕ ಅಲ್ಲೆ ಬೇಸ್ ಕದಿಯೋದು ಅಂತಾರ. ಮೊದಲನೇ ವರ್ಷನ 82 ಸಲ ಕದ್ದಾನ, ಇಡೀ ಲೀಗಿಗೇ ಹೆಚ್ಚು! ಮುಂದಿನ ವರ್ಷ ಜೂನ್ 19ಕ್ಕ ಒಂದ ಮ್ಯಾಚಿನಾಗ ದೂರದ ಔಟ್‌ಫೀಲ್ಡಿನಿಂದ ಚೆಂಡು ಒಗದು, ಮನಿ ಮುಟ್ಟಲಿಕ್ಕೆ ಬಂದ ಮೂರು ಮಂದೀನ್ನ ಔಟ್ ಮಾಡಸಿದ. 1902ರ ತನಕ ದೊಡ್ಡ ಲೀಗುಗಳೊಳಗ 14 ಹಂಗಾಮು ಆಡಿ 2,000ಕ್ಕಿಂತ ಹೆಚ್ಚು ಹಿಟ್ ಹೊಡದಾನ.

ಅಂಪೈರ್‌ಗೋಳು ಕೈಸನ್ನಿ ಮಾಡೋದು ಶುರುವಾಗಿದ್ದ ಇವನಿಂದ ಅಂತ ಹೇಳವ್ರು ಅದಾರ, ಅಲ್ಲ ಅನ್ನವ್ರೂ ಅದಾರ. ನನಗೇನೋ ಅದಕ್ಕಿಂತ ಅಂವ ತನ್ನ ತಂಡದವರಿಗೆ ಬರಕೊಟ್ಟ ಚೀಟಿ ಭಾಳ ಸೇರಿತು. ಚೆಂಡು ಮ್ಯಾಲಿಂದ ಬರೂಮುಂದ ಇಬ್ಬರು ಓಡಿ ಢಿಕ್ಕಿ ಹೊಡೀಬಾರದಲ್ಲ. ನಾ ಹಿಡೀತೀನಿ ಅಂದ್ರ ಒದರತೀನಿ, ನನ್ನ ದನಿ ಕೇಳಲಿಲ್ಲ ಅಂದ್ರ ಅದು ನಿಮ್ಮ ಚೆಂಡು ಅಂತ ತಿಳ್ಕೋರಿ ಅಂತ ಬರದಿದ್ದ. ನೀವು ನನಗ ಒದರಿ ಉಪಯೋಗಿಲ್ಲ, ನಾನ ನಿಮಗ ಒದರತೀನಿ! ಎಷ್ಟು ಸರಳ ನೋಡ್ರಿ.

ಇನ್ನ ಹೆಸರಿನ ಮಾತು. ಮಂದಿ ಅಂವಗ ಕರೀತಿದ್ದುದು ‘ಡಮ್ಮಿ’ ಹೊಯ್ ಅಂತ. ಅಂದ್ರ ಮೂಕ. ಪೇಪರಿನ್ಯಾಗೂ ಅದ. ಅಂವಗ ಅದರ ಬಗ್ಗೆ ಸಿಟ್ಟಿರಲಿಲ್ಲಂತ, ಯಾರರೆ ವಿಲಿಯಂ ಅಂದ್ರ ತಾನ ತಿದ್ದತಿದ್ದನಂತ. ಇರವಲ್ದ್ಯಾಕ. ಅಂವ ಒಪ್ಪಿಕೊಂಡಾನ, ನನಗ ಒಪ್ಪಿಗಿ ಇಲ್ಲ. ನಮ್ಮ ನಾದಿನಿಗೂ ಹುಟ್ಟಾ ಕಿವಿ ಕೇಳೂದಿಲ್ಲ. ಆಕಿಗೆ ಊರಾಗೆಲ್ಲಾ ‘ಮೂಕಿ’ ಅಂತಾರ. ಚಂದಾಗಿ ತೊಟ್ಟಲದಾಗ ಹಾಕಿ ಇಟ್ಟ ಹೆಸರು ರೇಷನ್ ಕಾರ್ಡಿನ್ಯಾಗ ಅಷ್ಟ ಉಳದದ.

ಹೊಯ್‌ನ ಹೆಂಡ್ತಿ ಆನಾಗೂ ಕಿವಿ ಕೇಳತಿದ್ದಿಲ್ಲ. ಆಕಿ ಕಿವುಡ ಮಕ್ಕಳಿಗೆ ಕಲಿಸೋ ಟೀಚರು. ಇಬ್ಬರಿಗೂ ಕಿವಿ ಇಲ್ಲದ ಮನ್ಯಾಗ ಯಾರರೆ ಬಂದ್ರ ಬಾಗಲಾ ತಗಿಯೋರು ಯಾರು? ಜೋಡಿ ಆಡಿದ ಟಾಮಿ ಲೀಚ್ ಅನ್ನಾಂವ ಮುಪ್ಪಿನ ಕಾಲಕ್ಕ ಇದನ್ನ ಹೇಳ್ಯಾನ. ಬಾಗಲದಾಗ ಒಂದು ಗುಬ್ಬಿ. ಅದನ್ನ ಜಗ್ಗಿದ್ರ ಒಳಗ ಒಂದು ಸೀಸದ ಗುಂಡು ಕಟಗಿ ದೋಣ್ಯಾಗ ಉರುಳಿ ನೆಲಕ್ಕ ಧಪ್ಪಂತ ಬೀಳಬೇಕು. ಆ ನಡುಗು ಕಾಲಿಗೆ ತಿಳೀತದ, ಎದ್ದು ಬಂದು ಬಾಗಲಾ ತಗೀತಾರ.

ಇದನ್ನ ಕೇಳಿ ನನಗ ಮೈ ಝುಂ ಅಂತು. ಯಾಕಂದ್ರ ನಾವೂ ನಾದಿನೀನ್ನ ಕರಿಯೋದು ಹಿಂಗ. ಮ್ಯಾಲಿನ ಅಟ್ಟದಾಗ ಕಟಗಿ ನೆಲ, ಕಾಲು ಬಡದ್ರ ತಟ್ಟನ ಹೊರಳತಾಳ. ಕೆಳಗ ಫರಸಿ ಮ್ಯಾಲೆ ಎಷ್ಟು ಬಡದ್ರೂ ಉಪಯೋಗಿಲ್ಲ. ನಮ್ಮ ಅತ್ತಿ ತೀರಿಕೊಂಡಾಗಿಂದ ಮಂದೀದು ಒಂದ ಪ್ರಶ್ನಿ, ನಿಮ್ಮ ಪಾಳಿ ಮುಗದ ಮ್ಯಾಲೆ ಈಕಿಗೆ ಯಾರು? ಆಕಿ ಸ್ವಂತ ಬ್ಲೌಸ್ ಹೊಲದು ಗಳಸ್ತಾಳ. ಅತ್ತಿ ಮನ್ಯಾಗ ಒಬ್ಬಾಕೀನ ಇರತೀನಿ ಅಂತ ಕೈ ಮಾಡಿ ಮಾಡಿ ಹೇಳತಾಳ. ನಮ್ಮನಿಯವರಿಗೆ ಧೈರ್ಯ ಸಾಲವಲ್ದು, ರಾತ್ರಿ ಯಾರರೆ ಬಾಗಲಾ ಬಡದ್ರ ಅಂತಾರ. ನಾನು ಗುಂಡಿನ ಚಿತ್ರ ಕಾಗದದ ಮ್ಯಾಲೆ ತಗದು ಆಕಿಗೆ ತೋರಿಸಿದೆ. ಭಾಳ ಹೊತ್ತು ನೋಡಿ ಆಕಿ ಕೇಳಿದ್ದು ಒಂದ: ಬಿದ್ದ ಗುಂಡು ತಿರಗಿ ಮ್ಯಾಲೆ ಇಡೋರು ಯಾರು? ಆಮ್ಯಾಲೆ ತಾನ ಎದಿ ಮುಟ್ಟಿ ತೋರಿಸಿ ನಕ್ಕಳು. ದೀಪಾವಳಿ ಆದ ಮ್ಯಾಲೆ ಬಡಗ್ಯಾನ್ನ ಕರಸೂದು ಅಂತ ಮಾತಾಗೇದ. ಈಗೇನು ಬಟನ್ ಒತ್ತಿದ್ರ ಲೈಟ್ ಹತ್ತೋ ಗಂಟಿನೂ ಸಿಗತಾವು, ಆದ್ರ ನಮ್ಮೂರಾಗ ಕರೆಂಟು ಇರೋದ ಯಾವಾಗ?

ಹೊಯ್ ಆಟ ಬಿಟ್ಟ ಮ್ಯಾಲೆ ಸಿನ್ಸಿನಾಟಿ ಹತ್ರ ಹೊಲಾ ಹಿಡದು ಹೈನಾ ಮಾಡಿದ. ಒಬ್ಬ ಮಗ ಜಡ್ಜ್ ಆದ. ಆನಾ ಮುಂಚೆ ಹೋದಳು. ಇಂವ ಗಟ್ಟಿ ಜೀವ. 1961ರ ಅಕ್ಟೋಬರ್‌ನಾಗ ವರ್ಲ್ಡ್ ಸೀರೀಸ್ ಸಿನ್ಸಿನಾಟಿಗೆ ಬಂದಾಗ 99 ವರ್ಷದ ಅಜ್ಜನ ಕಡಿಂದ ಮೊದಲನೇ ಚೆಂಡು ಒಗಸಿದ್ರು. ಅದ ಡಿಸೆಂಬರ್‌ಗೆ ತೀರಿಕೊಂಡ. ಆ ಸಲ ಸಿನ್ಸಿನಾಟಿ ಸೋತಿತು, ಅದು ಬ್ಯಾರೆ ಮಾತು.