ಗೆತ್ಸೇಮನೆಯ ಪ್ರಶ್ನೆ

ಪ್ರಶ್ನೆಯೆಂಬುದು ಶರಣಾಗತಿಗೆ ವೈರಿ ಎಂದು ಭಾವಿಸುವುದು ಲೋಕರೂಢಿ. ಈ ರೂಢಿಯನ್ನು ಅಲುಗಿಸಿದ ಹಾಡೊಂದು 1970ರಲ್ಲಿ ಇಂಗ್ಲೆಂಡಿನಿಂದ ಹೊರಟಿತು. ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಎಂಬ ರಾಕ್ ಗೀತನಾಟಕದ ‘ಗೆತ್ಸೇಮನೆ’ಯೇ ಆ ಹಾಡು. ಸಂಗೀತ ಆಂಡ್ರ್ಯೂ ಲಾಯ್ಡ್ ವೆಬರ್ ಅವರದು, ಸಾಹಿತ್ಯ ಟಿಮ್ ರೈಸ್ ಅವರದು. ಇಬ್ಬರಿಗೂ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ರಂಗಕ್ಕೇರಿಸಲು ಹಣ ಹೂಡುವವರು ದೊರೆಯದೆ, ಕೃತಿಯು ಮೊದಲು ಧ್ವನಿಮುದ್ರಿಕೆಯಾಗಿಯೇ ಲೋಕವನ್ನು ಕಂಡಿತು.

ಸುವಾರ್ತೆಗಳಲ್ಲಿ ಈ ಪ್ರಸಂಗ ಬಹು ಚಿಕ್ಕದು. ಕಡೆಯ ಭೋಜನವಾದ ಮೇಲೆ ಯೇಸು ಎಣ್ಣೆಮರಗಳ ಗುಡ್ಡದ ಬಳಿಯ ತೋಟಕ್ಕೆ ಬರುತ್ತಾನೆ. ಗೆತ್ಸೇಮನೆ ಎಂದರೆ ಎಣ್ಣೆಯ ಗಾಣ. ಜೊತೆಗೆ ಬಂದ ಶಿಷ್ಯರು ನಿದ್ದೆಹೋಗುತ್ತಾರೆ. ಒದಗಲಿರುವ ಸಂಕಟ ತಪ್ಪಲೆಂದು ಆತ ಬೇಡುತ್ತಾನೆ. ಆ ಉಸಿರಿನಲ್ಲಿಯೇ ತಂದೆಯ ಚಿತ್ತಕ್ಕೆ ತಲೆಬಾಗುತ್ತಾನೆ. ಬೇಡಿಕೆಗೂ ಒಪ್ಪಿಗೆಗೂ ನಡುವಿನ ಈ ಕಿರಿದಾದ ಅಂತರದಲ್ಲಿ ರೈಸ್ ಕೇಳುಗನನ್ನು ಐದು ನಿಮಿಷಗಳಿಗೂ ಹೆಚ್ಚು ಕಾಲ ನಿಲ್ಲಿಸುತ್ತಾರೆ.

ಮೆಲುದನಿಯಲ್ಲಿ ಮೊದಲಾಗುವ ಹಾಡು ಕ್ರಮೇಣ ಆರ್ತನಾದವಾಗುತ್ತದೆ. ಮೂರು ವರ್ಷಗಳ ದುಡಿಮೆಯಿಂದ ಬಳಲಿದ ಮನುಷ್ಯ, ತಾನೇಕೆ ಸಾಯಬೇಕು, ಸತ್ತರೆ ಫಲವೇನು ಎಂದು ದೇವರನ್ನೇ ಕೇಳುತ್ತಾನೆ. ಮೊದಲ ಮುದ್ರಿಕೆಯಲ್ಲಿ ಡೀಪ್ ಪರ್ಪಲ್ ತಂಡದ ಇಯಾನ್ ಗಿಲನ್ ತಾರಸ್ಥಾಯಿಗೇರಿ ಆ ಸಂಕಟಕ್ಕೆ ಕಂಠವಾದರು. ಮೇಲಿನಿಂದ ಉತ್ತರ ಬರುವುದೇ ಇಲ್ಲ. ಉತ್ತರವಿಲ್ಲದೆಯೇ ಆತ ಒಪ್ಪುತ್ತಾನೆ. ಆ ಒಪ್ಪಿಗೆಯಲ್ಲಿ ಶಾಂತಿಗಿಂತ ದಣಿವು ಹೆಚ್ಚು, ಕೊಂಚ ಸಿಟ್ಟೂ ಇದೆ.

1971ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ನಾಟಕ ಆರಂಭವಾದಾಗ ರಂಗಮಂದಿರದ ಹೊರಗೆ ಪ್ರತಿಭಟನೆಗಳು ನಡೆದವು. ದೇವಪುತ್ರನನ್ನು ಕೇವಲ ಮನುಷ್ಯನನ್ನಾಗಿಸಿದರು, ಪುನರುತ್ಥಾನವನ್ನೇ ತೋರಿಸಲಿಲ್ಲ ಎಂಬುದು ಕ್ರೈಸ್ತ ಆಕ್ಷೇಪಕರ ಅಳಲು. ಯೆಹೂದ್ಯರನ್ನು ಚಿತ್ರಿಸಿದ ಬಗೆಯ ಕುರಿತು ಯೆಹೂದ್ಯ ಸಂಸ್ಥೆಗಳೂ ಕಳವಳಪಟ್ಟವು. ಈ ನೋವುಗಳನ್ನು ಹಗುರವಾಗಿ ಕಾಣಲಾಗದು. ಆದರೆ ಹಾಡಿನ ಮಟ್ಟಿಗೆ ಒಂದು ಮಾತನ್ನು ಹೇಳಲೇಬೇಕು. ಭಯವೇ ಇಲ್ಲದವನಿಗೆ ಮರಣವನ್ನು ಸ್ವೀಕರಿಸುವುದರಲ್ಲಿ ತ್ಯಾಗವೆಲ್ಲಿಯದು? ಬದುಕಬೇಕೆಂಬ ಆಸೆಯಿದ್ದೂ ಹಿಂದಿರುಗದೆ ನಿಂತವನ ಒಪ್ಪಿಗೆಗೆ ತೂಕವಿದೆ. ಆ ಆಸೆಯನ್ನು ಮುಚ್ಚಿಟ್ಟಿದ್ದರೆ ತ್ಯಾಗದ ಬೆಲೆಯೂ ಮುಚ್ಚಿಹೋಗುತ್ತಿತ್ತು.

2018ರ ಏಪ್ರಿಲ್ 1ರಂದು, ಈಸ್ಟರ್ ಹಬ್ಬದ ದಿನವೇ, ಅಮೆರಿಕದ ದೂರದರ್ಶನವು ಈ ಕೃತಿಯನ್ನು ನೇರ ಪ್ರಸಾರ ಮಾಡಿತು. ಜಾನ್ ಲೆಜೆಂಡ್ ಅಂದು ಯೇಸುವಾಗಿ ಹಾಡಿದರು. ಅರ್ಧ ಶತಮಾನದ ಹಿಂದೆ ದೈವನಿಂದೆಯೆಂದು ಹಲವರಿಗೆ ಕೇಳಿಸಿದ ದನಿ ಹಬ್ಬದ ಸಂಜೆ ಮನೆಮನೆಯನ್ನು ಹೊಕ್ಕಿತು. ಹಾಡು ತನ್ನ ಪ್ರಶ್ನೆಗಳಲ್ಲಿ ಒಂದನ್ನೂ ಹಿಂತೆಗೆದುಕೊಂಡಿರಲಿಲ್ಲ. ಕಾಯಿ ಅರೆಯದೆ ಗಾಣದಲ್ಲಿ ಎಣ್ಣೆ ಇಳಿಯುವುದಿಲ್ಲ ಎಂಬುದನ್ನು ಆ ತೋಟದ ಹೆಸರೇ ಹೇಳುತ್ತಿದೆ.